ಗರ್ಭ, ಹೆರಿಗೆ ಕುರಿತ ಸಂಶೋಧನೆಗೆ ಡೇಟಾ: ಎಲ್ಲಿ ಹುಡುಕಬೇಕು, ಹೇಗೆ ಆರಿಸಬೇಕು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: ‘ಗರ್ಭಿಣಿಯರ ಬಗ್ಗೆ, ಹೆರಿಗೆ ಬಗ್ಗೆ ಸಂಶೋಧನೆ ಮಾಡಬೇಕು. ಡೇಟಾ ಎಲ್ಲಿ ಸಿಗುತ್ತದೆ?’ ವೈದ್ಯಕೀಯ ವಿದ್ಯಾರ್ಥಿಗಳು ಕೇಳುತ್ತಾರೆ, ಜನಸಂಖ್ಯಾಶಾಸ್ತ್ರ ಓದುವವರು ಕೇಳುತ್ತಾರೆ, ಪತ್ರಕರ್ತರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಒಂದು ಜನಸಮುದಾಯದ ಎಲ್ಲ ಗರ್ಭಗಳನ್ನೂ ಮೊದಲ ದಿನದಿಂದ ಕೊನೆಯವರೆಗೆ ಕಾಣುವ ಡೇಟಾ ಎಲ್ಲೂ ಇಲ್ಲ. ಒಂದು ಮೂಲ ಹೆರಿಗೆ ಆದ ಮೇಲಷ್ಟೇ ಲೆಕ್ಕ ಶುರು ಮಾಡುತ್ತದೆ. ಇನ್ನೊಂದು ಆಸ್ಪತ್ರೆಗೆ ಬಂದವರನ್ನು ಮಾತ್ರ ನೋಡುತ್ತದೆ. ಮತ್ತೊಂದು ಬದುಕಿ ಉಳಿದ ತಾಯಂದಿರನ್ನು ಮಾತ್ರ ಮಾತಾಡಿಸುತ್ತದೆ. ಆದ್ದರಿಂದ ಯಾವ ಡೇಟಾ ಕೈಗೆತ್ತಿಕೊಂಡರೂ ಹೀಗೆ ಕೇಳಿ: ಇದರೊಳಗೆ ಹೆಂಗಸು ಯಾವಾಗ ಬರುತ್ತಾಳೆ, ಯಾವಾಗ ಹೊರಗೆ ಹೋಗುತ್ತಾಳೆ, ಬಾರದೇ ಉಳಿದವರು ಯಾರು? ಕೆಳಗಿನ ಎಲ್ಲ ಹಂತಗಳಲ್ಲೂ ಈ ಪ್ರಶ್ನೆ ಬೇಕಾಗುತ್ತದೆ.

ಕೈಯಲ್ಲಿ ಇರಬೇಕಾದದ್ದು ಜಾಸ್ತಿ ಏನಿಲ್ಲ. ಅಂಕಿಅಂಶದ ಒಂದು ಸಾಫ್ಟ್‌ವೇರ್ ಬೇಕು (‘ಆರ್’ ಉಚಿತ, ಸ್ಟೇಟಾಗೆ ದುಡ್ಡು ಕೊಡಬೇಕು). ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ (ಜನರ ಮೇಲಿನ ಸಂಶೋಧನೆಗೆ ಒಪ್ಪಿಗೆ ಕೊಡುವ ಸಮಿತಿ) ವಿಳಾಸ ಬೇಕು. ಅನುಮತಿಗಾಗಿ ಕಾಯುವ ತಾಳ್ಮೆಯೂ ಬೇಕು.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಛೇದವನ್ನು ಗುರುತಿಸಿ

‘ತಾಯಂದಿರ ಆರೋಗ್ಯ’ ಅನ್ನುವುದು ವಿಷಯ, ಪ್ರಶ್ನೆ ಆಗಲಾರದು. ‘20 ವರ್ಷದೊಳಗಿನ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿ 2,500 ಗ್ರಾಂಗಿಂತ ಕಡಿಮೆ ತೂಗಿದರು?’ ಅನ್ನುವುದು ಪ್ರಶ್ನೆ. ಶಾಲೆಯಲ್ಲಿ ಕಲಿತ ಅಂಶ, ಛೇದ ಇಲ್ಲಿ ಕೆಲಸಕ್ಕೆ ಬರುತ್ತವೆ. ಛೇದ ಅಂದರೆ ಭಿನ್ನರಾಶಿಯ ಕೆಳಗಿನ ಸಂಖ್ಯೆ, ಅಂದರೆ ‘ಎಷ್ಟರಲ್ಲಿ?’ ಅನ್ನುವುದು.

ಈ ಕ್ಷೇತ್ರದಲ್ಲಿ ಛೇದಗಳು ಹಲವು: ಎಲ್ಲ ಗರ್ಭಗಳು, ಎಲ್ಲ ಹೆರಿಗೆಗಳು, ಜೀವಂತ ಜನನಗಳು, ಹೆರುವ ವಯಸ್ಸಿನ ಎಲ್ಲ ಹೆಂಗಸರು. ಅವಳಿ ಹುಟ್ಟಿದರೆ ಹೆರಿಗೆ ಒಂದು, ಜನನ ಎರಡು. ಗರ್ಭಪಾತವಾದರೆ ಗರ್ಭ ಒಂದು, ಜನನ ಸೊನ್ನೆ. ಛೇದ ಯಾವುದು ಅಂತ ತೀರ್ಮಾನವಾದರೆ ಅರ್ಧದಷ್ಟು ಡೇಟಾ ಮೂಲಗಳು ತಾವಾಗಿ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಹಂತ 2: ವ್ಯಾಖ್ಯೆಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ

ಬೇಗ ಮುಗಿಯುವ ಹಂತ ಇದು. ಆದರೆ ಬಿಟ್ಟರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ತಾಯಿ ಮರಣ ಅಂದರೆ ಗರ್ಭಿಣಿಯಾಗಿದ್ದಾಗ ಅಥವಾ ಗರ್ಭ ಮುಗಿದ 42 ದಿನಗಳೊಳಗೆ, ಗರ್ಭಕ್ಕೆ ಸಂಬಂಧಪಟ್ಟ ಅಥವಾ ಗರ್ಭದಿಂದ ಉಲ್ಬಣಿಸಿದ ಕಾರಣದಿಂದ ಆದ ಸಾವು. ರಸ್ತೆ ಅಪಘಾತದಂಥ ಆಕಸ್ಮಿಕ ಸಾವು ಇದರಲ್ಲಿ ಸೇರುವುದಿಲ್ಲ. ತಾಯಿ ಮರಣ ಅನುಪಾತವನ್ನು ಪ್ರತಿ 1,00,000 ಜೀವಂತ ಜನನಗಳಿಗೆ ಲೆಕ್ಕ ಹಾಕುತ್ತಾರೆ. ಅವಧಿಪೂರ್ವ ಹೆರಿಗೆ ಅಂದರೆ 37 ವಾರ ತುಂಬುವ ಮೊದಲೇ ಆದದ್ದು. ನವಜಾತ ಶಿಶು ಮರಣ ಅಂದರೆ ಹುಟ್ಟಿದ ಮೊದಲ 28 ದಿನಗಳಲ್ಲಿ ಆದದ್ದು.

ಜಾಸ್ತಿ ಗೊಂದಲ ಇರುವುದು ಸತ್ತು ಹುಟ್ಟಿದ ಮಗುವಿನ ವಿಷಯದಲ್ಲಿ. ದೇಶ ದೇಶಗಳನ್ನು ಹೋಲಿಸುವಾಗ ವಿಶ್ವ ಆರೋಗ್ಯ ಸಂಸ್ಥೆ 28 ವಾರದ ಗೆರೆ ಎಳೆಯುತ್ತದೆ. ಬ್ರಿಟನ್‌ನಲ್ಲಿ ಆ ಗೆರೆ 24 ವಾರ. ಅಮೆರಿಕದಲ್ಲಿ ಸಾಮಾನ್ಯವಾಗಿ 20 ವಾರ. ಎರಡು ದೇಶಗಳ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ನೀವು ಹೋಲಿಸುತ್ತಿರುವುದು ಗೆರೆಗಳನ್ನೇ ಹೊರತು ಸಾವುಗಳನ್ನಲ್ಲ.

ಹಂತ 3: ಮೂಲವನ್ನು ಆರಿಸಿ

ಜನನ ಮರಣ ನೋಂದಣಿ. ಇದ್ದ ಕಡೆ ಇದೇ ಬುನಾದಿ. ಎಲ್ಲರನ್ನೂ ಎಣಿಸುತ್ತದೆ, ವರ್ಷ ವರ್ಷವೂ ಎಣಿಸುತ್ತದೆ. ಅಮೆರಿಕದ ಜನನ ಫೈಲುಗಳು 1968ರಿಂದ ಈಚಿನವು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ಆದರೆ 2005ರಿಂದ ಈಚಿನ ಸಾರ್ವಜನಿಕ ಫೈಲುಗಳಲ್ಲಿ ಊರು, ರಾಜ್ಯದ ಗುರುತು ಇರುವುದಿಲ್ಲ. ಅದು ಬೇಕಿದ್ದರೆ ಪ್ರತ್ಯೇಕ ಅನುಮತಿ ಪಡೆಯಬೇಕು. ಅನೇಕ ದೇಶಗಳಲ್ಲಿ ನೋಂದಣಿಯೇ ಅರೆಬರೆ. ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ನೋಂದಣಿಯೇ ಆಗಿಲ್ಲ ಎಂದು ಯುನಿಸೆಫ್ 2024ರಲ್ಲಿ ಹೇಳಿತು. ಹುಟ್ಟಿ ಕೆಲವೇ ಗಂಟೆಯಲ್ಲಿ ತೀರಿಕೊಂಡ ಮಗುವಿನ ಜನನವೂ ಮರಣವೂ ಎರಡೂ ದಾಖಲಾಗದೆ ಹೋಗುವುದು ಸಾಮಾನ್ಯ. ನವಜಾತ ಶಿಶು ಮರಣ ನಿಮ್ಮ ವಿಷಯವಾದರೆ ನೋಂದಣಿ ಎಷ್ಟು ಪೂರ್ಣ ಅಂತ ತಿಳಿಯದೆ ಮುಂದೆ ಹೋಗಬೇಡಿ.

ವೈದ್ಯಕೀಯ ಜನನ ರಿಜಿಸ್ಟರ್. ಇದು ನೋಂದಣಿಗಿಂತ ಆಳವಾದದ್ದು. ತಾಯಿಯ ಕಾಯಿಲೆ, ಧೂಮಪಾನ, ಹೆರಿಗೆಯ ವಿಧಾನ, ಮಗುವಿನ ಸ್ಥಿತಿ ಎಲ್ಲ ಇರುತ್ತದೆ. ಥಾಲಿಡೊಮೈಡ್ ಮಾತ್ರೆ ತೆಗೆದುಕೊಂಡ ತಾಯಂದಿರಿಗೆ ಅಂಗವೈಕಲ್ಯದ ಮಕ್ಕಳು ಹುಟ್ಟಿದ ದುರಂತದ ನಂತರ, 1967ರಲ್ಲಿ ನಾರ್ವೆ ಇದನ್ನು ಶುರು ಮಾಡಿತು. ಇಂಥ ಅಪಾಯ ಮತ್ತೆ ಬಂದರೆ ಬೇಗ ಗೊತ್ತಾಗಲಿ ಅನ್ನುವುದು ಉದ್ದೇಶ. ಸ್ವೀಡನ್ ಮತ್ತು ಡೆನ್ಮಾರ್ಕ್ 1973ರಲ್ಲಿ, ಫಿನ್‌ಲೆಂಡ್ 1987ರಲ್ಲಿ ಶುರು ಮಾಡಿದವು. ಪ್ರತಿ ನಾಗರಿಕರಿಗೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಔಷಧಿ, ಕ್ಯಾನ್ಸರ್, ಮರಣ ದಾಖಲೆಗಳ ಜೊತೆ ಇದನ್ನು ಜೋಡಿಸಬಹುದು. ಅಪರೂಪದ ಪರಿಣಾಮಗಳನ್ನು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊರಗಿನವರು ಸಾಮಾನ್ಯವಾಗಿ ಅಲ್ಲಿನ ಸಂಶೋಧಕರ ಜೊತೆಗೂಡಿಯೇ ಅರ್ಜಿ ಹಾಕಬೇಕು.

ಮನೆ ಮನೆ ಸಮೀಕ್ಷೆ. ನೋಂದಣಿ ದುರ್ಬಲವಾಗಿರುವ ದೇಶಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಇಲ್ಲಿಂದಲೇ ಬಂದದ್ದು. ಡಿಎಚ್‌ಎಸ್, ಅಂದರೆ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆ, 1984ರಲ್ಲಿ ಅಮೆರಿಕದ ನೆರವಿನಿಂದ ಶುರುವಾಯಿತು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದೇ ಬಳಗದ್ದು. ಯುನಿಸೆಫ್‌ನ ಎಂಐಸಿಎಸ್ ಇಂಥದೇ ಇನ್ನೊಂದು ಸಮೀಕ್ಷೆ. ಎರಡರಲ್ಲೂ 15ರಿಂದ 49 ವರ್ಷದ ಹೆಂಗಸರನ್ನು ಕೂರಿಸಿ ಒಂದೊಂದೇ ಹೆರಿಗೆಯ ಬಗ್ಗೆ ಕೇಳುತ್ತಾರೆ: ಮಗು ಯಾವಾಗ ಹುಟ್ಟಿತು, ಎಲ್ಲಿ, ಯಾರು ಹೆರಿಗೆ ಮಾಡಿಸಿದರು, ಈಗ ಬದುಕಿದೆಯೇ. ಇದಕ್ಕೆ ಜನನ ಇತಿಹಾಸ ಎನ್ನುತ್ತಾರೆ.

ಇಲ್ಲಿನ ಮಿತಿಗಳನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಹೆರಿಗೆಯಲ್ಲಿ ತೀರಿಕೊಂಡ ತಾಯಿ ಉತ್ತರ ಕೊಡಲು ಮನೆಯಲ್ಲಿಲ್ಲ. ಅದಕ್ಕೇ ತಾಯಿ ಮರಣದ ಬಗ್ಗೆ ಅವಳ ಒಡಹುಟ್ಟಿದವರನ್ನು ಕೇಳುವ ವಿಧಾನ ಬಂತು. ಈ ಸಾವುಗಳು ಅಪರೂಪವಾದ್ದರಿಂದ ಸಿಗುವ ಅಂದಾಜು ಹಲವು ವರ್ಷಗಳನ್ನು ಒಟ್ಟುಗೂಡಿಸಿದ್ದು, ಅನಿಶ್ಚಿತತೆಯೂ ದೊಡ್ಡದು. ಜಿಲ್ಲೆ ಮಟ್ಟದ ತಾಯಿ ಮರಣ ಇದರಿಂದ ತೆಗೆಯಲು ಹೋಗಬೇಡಿ. ಇನ್ನೊಂದು, ಹೆಂಗಸರು ಮಾಡಿಸಿಕೊಂಡ ಗರ್ಭಪಾತವನ್ನು ಸಮೀಕ್ಷೆಯಲ್ಲಿ ಹೇಳಿಕೊಳ್ಳುವುದು ಕಡಿಮೆ. ಅಮೆರಿಕದಲ್ಲಿ ಕ್ಲಿನಿಕ್‌ಗಳ ಲೆಕ್ಕದ ಜೊತೆ ಹೋಲಿಸಿ ನೋಡಿದಾಗ ಸಮೀಕ್ಷೆಯಲ್ಲಿ ಅರ್ಧದಷ್ಟೂ ಬಂದಿರಲಿಲ್ಲ. ಅವರು ಸುಳ್ಳು ಹೇಳಿದರು ಅಂತ ಬರೆಯಬೇಡಿ. ಹೇಳಿದರೆ ಏನಾದೀತೋ ಅನ್ನುವ ಭಯ ಯಾರಿಗೆ ಇರುವುದಿಲ್ಲ?

2025ರಲ್ಲಿ ಅಮೆರಿಕ ಹಣ ನಿಲ್ಲಿಸಿದ್ದರಿಂದ ಡಿಎಚ್‌ಎಸ್‌ಗೆ ದೊಡ್ಡ ಹೊಡೆತ ಬಿತ್ತು. ನಿಮ್ಮ ಯೋಜನೆ ಇದರ ಮೇಲೆ ನಿಂತಿದ್ದರೆ ಡೇಟಾ ಕೇಳುವ ಅರ್ಜಿಗಳ ಸ್ಥಿತಿ ಏನು ಅಂತ ನೋಡಿಕೊಂಡೇ ವೇಳಾಪಟ್ಟಿ ಹಾಕಿ.

ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳ ದಾಖಲೆ. ತಿಂಗಳಿಗೊಮ್ಮೆ ಬರುವ ವರದಿಗಳು ಅನೇಕ ದೇಶಗಳಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಬೆಳೆದ ಡಿಎಚ್‌ಐಎಸ್2 ಎಂಬ ಸಾಫ್ಟ್‌ವೇರ್ ಮೂಲಕ ಸೇರುತ್ತವೆ. ತಾಜಾ ಮಾಹಿತಿ, ಸಣ್ಣ ಪ್ರದೇಶದ ಮಾಹಿತಿ ಬೇಕಿದ್ದರೆ ಇದೇ ದಾರಿ. ಮನೆಯಲ್ಲಿ ಹೆತ್ತವರು ಇದರಲ್ಲಿ ಇರುವುದಿಲ್ಲ, ಖಾಸಗಿ ಆಸ್ಪತ್ರೆಗಳೂ ಎಷ್ಟೋ ಕಡೆ ಇರುವುದಿಲ್ಲ. ದೊಡ್ಡಾಸ್ಪತ್ರೆಗೆ ಕಷ್ಟದ ಹೆರಿಗೆಗಳೇ ಬರುತ್ತವೆ. ಹಾಗಾಗಿ ಅಲ್ಲಿನ ಸಾವಿನ ಪ್ರಮಾಣ ಜಾಸ್ತಿ ಕಂಡರೆ ಚಿಕಿತ್ಸೆ ಕೆಟ್ಟದು ಅಂತ ತೀರ್ಮಾನಿಸಬೇಡಿ. ಸಿಸೇರಿಯನ್ ಪ್ರಮಾಣ ಹೋಲಿಸುವುದಾದರೆ ರಾಬ್ಸನ್ ವರ್ಗೀಕರಣ ಬಳಸಿ. ಅದು ಎಲ್ಲ ಹೆರಿಗೆಗಳನ್ನೂ 10 ಗುಂಪು ಮಾಡುತ್ತದೆ: ಚೊಚ್ಚಲೋ ಅಲ್ಲವೋ, ಹಿಂದೆ ಸಿಸೇರಿಯನ್ ಆಗಿತ್ತೇ, ಮಗು ಒಂದೋ ಎರಡೋ, ತಲೆ ಕೆಳಗಿದೆಯೇ, ಎಷ್ಟು ವಾರ, ನೋವು ತಾನಾಗಿ ಬಂತೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನೇ ಬಳಸಿ ಅಂತ ಹೇಳಿತು.

ವಿಮಾ ಬಿಲ್ಲಿನ ದಾಖಲೆಯೂ ಇದೇ ಜಾತಿಯದು. ಔಷಧಿ ಸುರಕ್ಷತೆಯ ಅಧ್ಯಯನಕ್ಕೆ ಒಳ್ಳೆಯದು. ಆದರೆ ಗರ್ಭ ಯಾವ ದಿನ ಶುರುವಾಯಿತು ಅಂತ ಬಿಲ್ಲಿನಲ್ಲಿ ಬರೆದಿರುವುದಿಲ್ಲ, ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಿ ಅಂದಾಜು ಮಾಡಬೇಕು. ಆಸ್ಪತ್ರೆಗೆ ಹೋಗದೆಯೇ ಮುಗಿದ ಗರ್ಭಪಾತ ಅದರಲ್ಲಿ ಕಾಣುವುದೇ ಇಲ್ಲ.

ಜನನ ಕೊಹಾರ್ಟ್. ಕೊಹಾರ್ಟ್ ಅಂದರೆ ಒಂದು ಗುಂಪನ್ನು ಆರಿಸಿ ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ 14,541 ಗರ್ಭಗಳಿಂದ ಶುರುವಾದ ಅಲ್‌ಸ್ಪ್ಯಾಕ್, ಸುಮಾರು 95,000 ತಾಯಂದಿರಿರುವ ನಾರ್ವೆಯ ಮೋಬಾ ಹೆಸರಾದವು. ರಕ್ತದ ಮಾದರಿ, ಆಹಾರ, ಮನಸ್ಸಿನ ಆರೋಗ್ಯ ಇಂಥ ವಿವರ ಬೇರೆ ಕಡೆ ಇಷ್ಟು ಸಿಗುವುದಿಲ್ಲ. ಆದರೆ ಮೋಬಾಗೆ ಕರೆದವರಲ್ಲಿ ಸೇರಿದ್ದು ಶೇ. 41 ಮಾತ್ರ. ಚಿಕ್ಕ ವಯಸ್ಸಿನವರು, ಒಂಟಿ ತಾಯಂದಿರು, ಧೂಮಪಾನ ಮಾಡುವವರು ಅದರಲ್ಲಿ ಕಡಿಮೆ. ‘ಎಷ್ಟು ಮಂದಿಗೆ ಇದೆ?’ ಅನ್ನುವ ಪ್ರಶ್ನೆಗೆ ಇಂಥ ಕೊಹಾರ್ಟ್‌ನಿಂದ ಉತ್ತರ ಕೊಡಬೇಡಿ. ‘ಇದರಿಂದ ಅದು ಆಗುತ್ತದೆಯೇ?’ ಅನ್ನುವುದಕ್ಕೆ ಇದು ಹೆಚ್ಚು ಸೂಕ್ತ.

ನಿಗಾ ಕ್ಷೇತ್ರ ಮತ್ತು ಗೌಪ್ಯ ತನಿಖೆ. ಬಾಂಗ್ಲಾದೇಶದ ಮತ್ಲಬ್‌ನಲ್ಲಿ 1966ರಿಂದ ಕಾರ್ಯಕರ್ತರು ಮನೆ ಮನೆಗೆ ಹೋಗಿ ಜನನ, ಮರಣ, ವಲಸೆ ಬರೆದುಕೊಳ್ಳುತ್ತಾ ಬಂದಿದ್ದಾರೆ. ಒಂದು ಚಿಕ್ಕ ಪ್ರದೇಶ, ಆದರೆ ದಶಕಗಳ ನಿರಂತರ ದಾಖಲೆ. ಗೌಪ್ಯ ತನಿಖೆ ಅಂದರೆ ಪ್ರತಿ ತಾಯಿ ಮರಣದ ಕಡತವನ್ನೂ ಹೆಸರು ಅಳಿಸಿ, ತಜ್ಞರು ಓದಿ, ಎಲ್ಲಿ ತಪ್ಪಿತು ಅಂತ ನೋಡುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1952ರಿಂದ ನಡೆಯುತ್ತಿದೆ, ಈಗ ಎಂಬ್ರೇಸ್-ಯುಕೆ ಎಂಬ ಸಂಶೋಧಕರ ತಂಡ ಅದನ್ನು ಮಾಡುತ್ತದೆ. ‘ಎಷ್ಟು’ ಗೊತ್ತಿದ್ದು ‘ಯಾಕೆ’ ಬೇಕಾದವರು ಈ ವರದಿಗಳನ್ನು ಓದಲೇಬೇಕು.

ಅಂತರರಾಷ್ಟ್ರೀಯ ಅಂದಾಜುಗಳು. 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ತಾಯಂದಿರು ತೀರಿಕೊಂಡರು, ಅಂದರೆ 1,00,000 ಜೀವಂತ ಜನನಗಳಿಗೆ 197, ಅಂತ ವಿಶ್ವಸಂಸ್ಥೆಯ ಅಂಗಗಳ ಅಂದಾಜು. ಪ್ರಸ್ತಾವನೆಯಲ್ಲಿ ಬರೆಯಲು ಇಂಥ ಅಂಕಿ ಬೇಕಾಗುತ್ತದೆ. ಆದರೆ ಇದನ್ನೇ ಡೇಟಾ ಅಂತ ವಿಶ್ಲೇಷಣೆಗೆ ಎಳೆಯುವುದು ದೊಡ್ಡ ತಪ್ಪು. ದಾಖಲೆ ಕಡಿಮೆ ಇರುವ ದೇಶಗಳಿಗೆ ಈ ಸಂಖ್ಯೆಯನ್ನು ಗಣಿತದ ಮಾದರಿ ಊಹಿಸುತ್ತದೆ. ಆ ಮಾದರಿ ಬಳಸುವುದು ತಲಾ ಆದಾಯ, ಫಲವತ್ತತೆ ಮತ್ತು ತರಬೇತಿ ಪಡೆದವರು ಮಾಡಿಸಿದ ಹೆರಿಗೆಗಳ ಪ್ರಮಾಣವನ್ನು. ನೀವು ಅದೇ ಸಂಖ್ಯೆ ತೆಗೆದುಕೊಂಡು ‘ತರಬೇತಿ ಪಡೆದವರು ಹೆರಿಗೆ ಮಾಡಿಸಿದರೆ ಸಾವು ಕಡಿಮೆ’ ಅಂತ ಸಾಬೀತು ಮಾಡಿದರೆ, ಅವರು ಒಳಗೆ ಹಾಕಿದ್ದನ್ನೇ ನೀವು ಹೊರಗೆ ತೆಗೆದ ಹಾಗೆ ಅಲ್ವಾ?

ಹಂತ 4: ಅನುಮತಿ ಪಡೆಯಿರಿ

ಎಂಐಸಿಎಸ್‌ಗೆ ನೋಂದಾಯಿಸಿಕೊಂಡು ಉದ್ದೇಶ ಬರೆದರೆ ಸಾಕು. ರಿಜಿಸ್ಟರ್, ಕೊಹಾರ್ಟ್, ವಿಮಾ ಡೇಟಾಗೆ ನೈತಿಕ ಸಮಿತಿಯ ಪತ್ರ, ಕೆಲವೊಮ್ಮೆ ಶುಲ್ಕ, ತಿಂಗಳುಗಟ್ಟಲೆ ಕಾಯುವಿಕೆ. ಅರ್ಜಿಯಲ್ಲಿ ‘ಎಲ್ಲ ಮಾಹಿತಿಯೂ ಬೇಕು’ ಅಂತ ಬರೆದರೆ ವಾಪಸ್ ಬರುತ್ತದೆ. ಒಂದೊಂದು ಮಾಹಿತಿಯೂ ಯಾವ ಪ್ರಶ್ನೆಗೆ ಬೇಕು ಅಂತ ಪಟ್ಟಿ ಮಾಡಿ. ಕಾಯುವ ಹೊತ್ತಿನಲ್ಲಿ ಕೋಡ್‌ಬುಕ್ ಓದಿ. ಕೋಡ್‌ಬುಕ್ ಅಂದರೆ ಯಾವ ಅಂಕಣದಲ್ಲಿ ಏನಿದೆ, ಯಾವ ಸಂಖ್ಯೆಗೆ ಏನರ್ಥ ಅಂತ ಹೇಳುವ ಕೈಪಿಡಿ. ಸಮೀಕ್ಷೆಯ ಮೂಲ ಪ್ರಶ್ನಾವಳಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಯಾರನ್ನು ಯಾವ ಪ್ರಶ್ನೆ ಕೇಳಲಿಲ್ಲ ಅನ್ನುವುದು ಅಲ್ಲಿ ಮಾತ್ರ ಸರಿಯಾಗಿ ಗೊತ್ತಾಗುತ್ತದೆ.

ಹಂತ 5: ಫೈಲ್ ತೆರೆದ ಮೊದಲ ದಿನ

ಡಿಎಚ್‌ಎಸ್ ಫೈಲನ್ನೇ ಉದಾಹರಣೆಗೆ ನೋಡೋಣ, ಪ್ರಶ್ನೆಗಳು ಜಾಸ್ತಿ ಬರುವುದು ಇದರ ಬಗ್ಗೆಯೇ. ಹೆಂಗಸರ ಫೈಲಿನಲ್ಲಿ ಒಂದು ಸಾಲಿಗೆ ಒಬ್ಬ ಹೆಂಗಸು. ಜನನಗಳ ಫೈಲಿನಲ್ಲಿ ಒಂದು ಸಾಲಿಗೆ ಒಂದು ಜನನ. ಹಂತ 1ರಲ್ಲಿ ಆರಿಸಿದ ಛೇದಕ್ಕೆ ಹೊಂದುವ ಫೈಲನ್ನೇ ತೆರೆಯಿರಿ.

ದಿನಾಂಕಗಳು ‘ಶತಮಾನ ತಿಂಗಳ ಸಂಕೇತ’ದಲ್ಲಿರುತ್ತವೆ. ಅಂದರೆ 1900ರ ಜನವರಿಯನ್ನು 1 ಎಂದು ಹಿಡಿದು ಎಣಿಸಿದ ತಿಂಗಳು. 2015ರ ಮಾರ್ಚ್‌ನಲ್ಲಿ ಹುಟ್ಟಿದ ಮಗುವಿಗೆ 115 × 12 + 3, ಅಂದರೆ 1383. ಎರಡು ಹೆರಿಗೆಗಳ ಅಂತರ ಬೇಕಿದ್ದರೆ ಒಂದರಿಂದ ಇನ್ನೊಂದನ್ನು ಕಳೆದರೆ ಮುಗಿಯಿತು, ತಿಂಗಳುಗಳಲ್ಲಿ ಉತ್ತರ ಸಿಗುತ್ತದೆ.

ವಿ005 ಎಂಬ ಅಂಕಣದಲ್ಲಿ ತೂಕ ಇರುತ್ತದೆ. ಇದು ಮಗುವಿನ ತೂಕವಲ್ಲ, ಮಾದರಿಯ ತೂಕ: ಆ ಹೆಂಗಸಿನ ಉತ್ತರಕ್ಕೆ ಲೆಕ್ಕದಲ್ಲಿ ಎಷ್ಟು ಭಾರ ಕೊಡಬೇಕು ಅನ್ನುವುದು. ಅದನ್ನು 10,00,000ದಿಂದ ಭಾಗಿಸಿ ಬಳಸಿ. ತೂಕ ಬಿಟ್ಟರೆ, ಬೇಕೆಂದೇ ಹೆಚ್ಚು ಮಂದಿಯನ್ನು ಆರಿಸಿದ ಪ್ರದೇಶಗಳು ಇಡೀ ದೇಶದ ಸರಾಸರಿಯನ್ನು ತಮ್ಮ ಕಡೆ ಎಳೆಯುತ್ತವೆ. ಒಂದೇ ಊರಿನಿಂದ ಹಲವರನ್ನು ಆರಿಸಿರುವುದರಿಂದ ಆ ಗುಂಪನ್ನು ಸೂಚಿಸುವ ವಿ021 ಕೂಡ ಸಾಫ್ಟ್‌ವೇರ್‌ಗೆ ತಿಳಿಸಿ. ಇಲ್ಲದಿದ್ದರೆ ಫಲಿತಾಂಶ ಇರುವುದಕ್ಕಿಂತ ನಿಖರವಾಗಿ ಕಾಣುತ್ತದೆ.

ಮಗುವಿನ ತೂಕ ಇರುವುದು ಎಂ19ರಲ್ಲಿ, ಗ್ರಾಂ ಲೆಕ್ಕದಲ್ಲಿ. ಅಲ್ಲಿ 9996 ಕಂಡರೆ ಅದು ಸುಮಾರು ಹತ್ತು ಕಿಲೋ ತೂಗಿದ ಮಗುವಲ್ಲ, ತೂಕವನ್ನೇ ಮಾಡಲಿಲ್ಲ ಅಂತ ಅರ್ಥ. 9998 ಅಂದರೆ ಗೊತ್ತಿಲ್ಲ. ಇವನ್ನು ಬೇರ್ಪಡಿಸದೆ ಸರಾಸರಿ ತೆಗೆದರೆ ಉತ್ತರ ಹಾಳು. ಸುಮ್ನೆ ಅಳಿಸಿಬಿಟ್ಟರೂ ಹಾಳು. ತೂಕ ಮಾಡದ ಮಕ್ಕಳು ಹೆಚ್ಚಾಗಿ ಮನೆಯಲ್ಲಿ ಹುಟ್ಟಿದವರು, ಬಡವರ ಮಕ್ಕಳು. ಅವರನ್ನು ಬಿಟ್ಟು ಉಳಿದವರ ಸರಾಸರಿ ಇಡೀ ಸಮುದಾಯದ್ದು ಅಂತ ಬರೆಯಬೇಡಿ. ಎಷ್ಟು ಮಂದಿಗೆ ತೂಕ ಇಲ್ಲ, ಅವರು ಯಾರು ಅಂತ ಒಂದು ಪ್ರತ್ಯೇಕ ಕೋಷ್ಟಕ ಹಾಕಿ.

ಹಂತ 6: ಡೇಟಾವನ್ನು ಪರೀಕ್ಷಿಸಿ

ನಾಲ್ಕು ಪರೀಕ್ಷೆ ಸಾಕು, ಒಂದು ಮಧ್ಯಾಹ್ನದ ಕೆಲಸ.

ತೂಕದ ನಕ್ಷೆ ಹಾಕಿ. 2,500, 3,000, 3,500ರಲ್ಲಿ ಗೋಪುರ ಎದ್ದಿದ್ದರೆ ಅಂದಾಜಿನಲ್ಲಿ ಬರೆದಿದ್ದಾರೆ. 2,500ರಲ್ಲಿ ಎದ್ದ ಗೋಪುರ ಹೆಚ್ಚು ಅಪಾಯ, ಏಕೆಂದರೆ ಕಡಿಮೆ ತೂಕದ ಗೆರೆ ಇರುವುದೇ ಅಲ್ಲಿ.

ಹುಟ್ಟಿದ ಮಕ್ಕಳಲ್ಲಿ ಗಂಡು ಹೆಣ್ಣಿನ ಅನುಪಾತ ನೋಡಿ. ಸಹಜವಾಗಿ 100 ಹೆಣ್ಣಿಗೆ ಸುಮಾರು 105 ಗಂಡು. ಇದು ತುಂಬ ಏರಿದ್ದರೆ ಒಂದೋ ಹೆಣ್ಣು ಮಕ್ಕಳನ್ನು ಲೆಕ್ಕದಿಂದ ಬಿಟ್ಟಿದ್ದಾರೆ, ಇಲ್ಲ ಭ್ರೂಣಲಿಂಗ ಆಯ್ಕೆ ನಡೆದಿದೆ.

ನವಜಾತ ಶಿಶುಗಳ ಸಾವಿನಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತವೆ. ನಿಮ್ಮ ಡೇಟಾದಲ್ಲಿ ಅದಕ್ಕಿಂತ ತುಂಬ ಕಡಿಮೆ ಇದ್ದರೆ ಮೊದಲ ದಿನಗಳ ಸಾವು ದಾಖಲಾಗಿಲ್ಲ ಅಂತ ಸಂಶಯ ಪಡಿ.

ಸಮೀಕ್ಷೆಯಾದರೆ ವರ್ಷವಾರು ಜನನ ಎಣಿಸಿ. ಇತ್ತೀಚಿನ ಐದು ವರ್ಷದ ಮಕ್ಕಳ ಬಗ್ಗೆ ಉದ್ದದ ಪ್ರಶ್ನೆಗಳಿರುತ್ತವೆ. ಕೆಲಸ ಉಳಿಸಲು ಸಮೀಕ್ಷೆ ಮಾಡುವವರು ಮಗುವಿನ ಜನ್ಮದಿನವನ್ನು ಆ ಐದು ವರ್ಷದ ಗೆರೆಯ ಆಚೆಗೆ ತಳ್ಳುವುದು ಗೊತ್ತಿರುವ ಸಮಸ್ಯೆ. ಗೆರೆಯ ಈಚೆ ತಗ್ಗು, ಆಚೆ ಉಬ್ಬು ಕಂಡರೆ ಅದೇ ಆಗಿದೆ.

ಹಂತ 7: ಕಾಲದ ಬಲೆಗಳು

ಒಳ್ಳೆಯ ಸಂಶೋಧಕರೂ ಎಡವುವುದು ಇಲ್ಲೇ.

ಗರ್ಭಿಣಿಯಾಗಿ ಜಾಸ್ತಿ ಸಲ ತಪಾಸಣೆಗೆ ಹೋದವರಲ್ಲಿ ಅವಧಿಪೂರ್ವ ಹೆರಿಗೆ ಕಡಿಮೆ ಅಂತ ನಿಮ್ಮ ಕೋಷ್ಟಕ ತೋರಿಸಿತು ಅಂದುಕೊಳ್ಳಿ. ತಪಾಸಣೆ ಕಾಪಾಡಿತು ಅನ್ನಿಸುತ್ತದೆ. ಆದರೆ 30 ವಾರಕ್ಕೇ ಹೆತ್ತವಳಿಗೆ ಎಂಟನೇ ತಪಾಸಣೆಗೆ ಹೋಗಲು ವಾರಗಳೇ ಉಳಿದಿರಲಿಲ್ಲ. 40 ವಾರ ತುಂಬಿದವಳಿಗೆ ಬೇಕಾದಷ್ಟು ವಾರ ಸಿಕ್ಕವು. ತಪಾಸಣೆಯಿಂದ ಏನೂ ಉಪಯೋಗ ಆಗದಿದ್ದರೂ ಇದೇ ಕೋಷ್ಟಕ ಬರುತ್ತದೆ. ಪರಿಹಾರ: ಎಲ್ಲರನ್ನೂ ಒಂದೇ ವಾರದಲ್ಲಿ ನಿಲ್ಲಿಸಿ ಹೋಲಿಸಿ. ಉದಾಹರಣೆಗೆ, 28 ವಾರ ತಲುಪಿದ ಎಲ್ಲರನ್ನೂ ತೆಗೆದುಕೊಂಡು, ಅಷ್ಟರೊಳಗೆ ಎಷ್ಟು ಸಲ ಹೋಗಿದ್ದರು ಅಂತ ನೋಡಿ, ಮುಂದೆ ಏನಾಯಿತು ಅಂತ ಹಿಂಬಾಲಿಸಿ.

ಎರಡನೆಯದು ತಡವಾದ ಪ್ರವೇಶ. ಅಧ್ಯಯನಕ್ಕೆ 12ನೇ ವಾರದಲ್ಲಿ ಸೇರಿದವಳಿಗೆ 8ನೇ ವಾರದಲ್ಲಿ ಗರ್ಭಪಾತ ಆಗಿರಲು ಸಾಧ್ಯವೇ ಇಲ್ಲ. ಆಗಿದ್ದವರು ಸೇರಲೇ ಇಲ್ಲ. ಗರ್ಭಪಾತದ ಪ್ರಮಾಣ ಲೆಕ್ಕ ಹಾಕುವಾಗ ಪ್ರತಿಯೊಬ್ಬರನ್ನೂ ಅವರು ಸೇರಿದ ವಾರದಿಂದ ಮಾತ್ರ ಎಣಿಸಿ.

ಮೂರನೆಯದು ಜೀವಂತ ಜನನಗಳನ್ನು ಮಾತ್ರ ನೋಡುವುದು. ಒಂದು ವಿಷವಸ್ತು ತೀರಾ ದುರ್ಬಲ ಭ್ರೂಣಗಳನ್ನು ಗರ್ಭದಲ್ಲೇ ಕೊಂದರೆ, ಹುಟ್ಟಿ ಬಂದ ಮಕ್ಕಳು ಗಟ್ಟಿಯಾಗಿಯೇ ಕಾಣಬಹುದು. ಆಗ ವಿಷ ನಿರುಪದ್ರವಿ ಅನ್ನುವ ತೀರ್ಮಾನಕ್ಕೆ ಬರುತ್ತೀರಿ. ಸಾಧ್ಯವಾದ ಕಡೆ ಸತ್ತು ಹುಟ್ಟಿದವರನ್ನೂ ಗರ್ಭಪಾತಗಳನ್ನೂ ಸೇರಿಸಿಕೊಳ್ಳಿ.

ಹಂತ 8: ವರ್ಷಗಳನ್ನು ಹೋಲಿಸುವ ಮೊದಲು ಫಾರಂ ಬದಲಾಗಿದೆಯೇ ನೋಡಿ

ಅಮೆರಿಕದ ಮರಣ ಪ್ರಮಾಣಪತ್ರದ 2003ರ ಪರಿಷ್ಕರಣೆಯಲ್ಲಿ ‘ತೀರಿಕೊಂಡವಳು ಗರ್ಭಿಣಿಯಾಗಿದ್ದಳೇ?’ ಎಂದು ಗುರುತು ಹಾಕುವ ಚೌಕ ಸೇರಿತು. ರಾಜ್ಯಗಳು ಅದನ್ನು ಬೇರೆ ಬೇರೆ ವರ್ಷ ಜಾರಿಗೆ ತಂದವು. ತಂದ ಕಡೆ ಸಾಮಾನ್ಯವಾಗಿ ದಾಖಲಾದ ತಾಯಿ ಮರಣ ಏರಿತು. ಹಿಂದೆ ತಪ್ಪಿಹೋಗುತ್ತಿದ್ದ ನಿಜವಾದ ಸಾವುಗಳು ಸಿಕ್ಕಿದ್ದು ಒಂದು ಕಾರಣ. ವಯಸ್ಸಾದ ಹೆಂಗಸರ ಪತ್ರದಲ್ಲೂ ತಪ್ಪಾಗಿ ಗುರುತು ಬಿದ್ದದ್ದು ಇನ್ನೊಂದು. ಗೊಂದಲ ಎಷ್ಟಾಯಿತೆಂದರೆ 2007ರ ನಂತರ 2018ರ ಅಂಕಿ ಬರುವ ತನಕ ಅಧಿಕೃತ ರಾಷ್ಟ್ರೀಯ ದರವನ್ನೇ ಪ್ರಕಟಿಸಲಿಲ್ಲ. ಆ ವರ್ಷಗಳ ಏರಿಕೆಯಲ್ಲಿ ನಿಜ ಎಷ್ಟು, ಚೌಕದ ಪ್ರಭಾವ ಎಷ್ಟು ಅನ್ನುವ ಚರ್ಚೆ ತಜ್ಞರಲ್ಲಿ ಇನ್ನೂ ಇದೆ. ನಿಮ್ಮ ನಕ್ಷೆಯಲ್ಲಿ ಒಂದು ವರ್ಷ ಗೆರೆ ಥಟ್ಟನೆ ಜಿಗಿದರೆ ಕಾಯಿಲೆಗಿಂತ ಮೊದಲು ಫಾರಂ ಹುಡುಕಿ.

ಹಂತ 9: ಬರೆಯುವಾಗ

ರೆಕಾರ್ಡ್ ಎಂಬ ಪರಿಶೀಲನಾ ಪಟ್ಟಿ ಇದೆ, ಬೇರೆ ಉದ್ದೇಶಕ್ಕೆ ಸಂಗ್ರಹಿಸಿದ ಆರೋಗ್ಯ ಡೇಟಾ ಬಳಸಿ ಬರೆಯುವವರಿಗಾಗಿ 2015ರಲ್ಲಿ ಬಂದದ್ದು. ಅದನ್ನು ಇಟ್ಟುಕೊಂಡು ಬರೆಯಿರಿ. ಎಷ್ಟು ದಾಖಲೆಗಳಿಂದ ಶುರು ಮಾಡಿದಿರಿ, ಪ್ರತಿ ಹಂತದಲ್ಲಿ ಎಷ್ಟು ಬಿಟ್ಟಿರಿ, ಯಾಕೆ ಅಂತ ಒಂದು ಚಿತ್ರ ಹಾಕಿ. ಗರ್ಭದ ವಾರಗಳನ್ನು ಕೊನೆಯ ಮುಟ್ಟಿನಿಂದ ಎಣಿಸಿದ್ದೋ, ಸ್ಕ್ಯಾನ್‌ನಿಂದಲೋ ಹೇಳಿ. ಎರಡಕ್ಕೂ ವ್ಯತ್ಯಾಸ ಬರುತ್ತದೆ, ಅವಧಿಪೂರ್ವ ಹೆರಿಗೆಯ ಪ್ರಮಾಣವೂ ಬದಲಾಗುತ್ತದೆ.

ಕೋಷ್ಟಕದ ಚಿಕ್ಕ ಸಂಖ್ಯೆಗಳ ಬಗ್ಗೆ ವಿಶೇಷ ಎಚ್ಚರ ಇರಲಿ. ‘ಇಂಥ ತಾಲೂಕು, 16 ವರ್ಷ, ಸತ್ತು ಹುಟ್ಟಿದ ಮಗು: 1’ ಅಂತ ಅಚ್ಚಾದರೆ ಹೆಸರು ಬರೆಯದಿದ್ದರೂ ಆ ಊರಿನವರಿಗೆ ಅವಳು ಯಾರು ಅಂತ ಗೊತ್ತಾಗುತ್ತದೆ. ಡೇಟಾ ಕೊಟ್ಟವರು ಕನಿಷ್ಠ ಸಂಖ್ಯೆ ಎಷ್ಟು ಅಂತ ನಿಯಮ ಹಾಕಿರುತ್ತಾರೆ. ಅದಕ್ಕಿಂತ ಕಡಿಮೆ ಇರುವ ಸಾಲುಗಳನ್ನು ಪಕ್ಕದ ವಯಸ್ಸಿನ ಗುಂಪಿಗೋ ಪಕ್ಕದ ಪ್ರದೇಶಕ್ಕೋ ಸೇರಿಸಿ. ಸಾಲಿನ ಮೊತ್ತದಿಂದ ಕಳೆದು ಕಂಡುಹಿಡಿಯಲು ಬಾರದ ಹಾಗೆ ಮೊತ್ತವನ್ನೂ ಸರಿಪಡಿಸಿ, ಆಮೇಲೆ ಅಚ್ಚಿಗೆ ಕಳಿಸಿ.